ಬಳೆಗಾರನ ಹಾಡಿನಲ್ಲಿ ನಾವು ಕೇಳದೆ ಬಿಟ್ಟದ್ದು

ಕೆ. ಎಸ್. ನರಸಿಂಹಸ್ವಾಮಿಯವರನ್ನು ಪ್ರೇಮಕವಿ ಎಂದು ಕೊಂಡಾಡಿದವರೂ, ಬರೀ ದಾಂಪತ್ಯದ ಕವಿ ಎಂದು ಮೂಗು ಮುರಿದವರೂ ಒಂದು ವಿಷಯದಲ್ಲಿ ಒಮ್ಮತದವರು. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ ಸುಖದ ಪುಸ್ತಕ ಎಂದು ಇಬ್ಬರೂ ನಂಬಿದರು. ಅಭಿಮಾನಿಗಳು ಅದನ್ನು ಮದುವೆಮನೆಗಳಲ್ಲಿ ಉಡುಗೊರೆ ಕೊಟ್ಟರು. ನವ್ಯದ ಕಾಲಕ್ಕೆ ವಿಮರ್ಶಕರು, ಬದುಕಿನ ಬಿರುಕು ಕಾಣದ ಕಾವ್ಯವೆಂದು ಬದಿಗಿಟ್ಟರು. ನನ್ನ ತಕರಾರು ಇರುವುದು ಈ ಒಮ್ಮತದ ಬಗ್ಗೆಯೇ. ಆ ಸಂಕಲನದ ಹೆಂಡತಿ ಬಹಳಷ್ಟು ಕಡೆ ಮನೆಯಲ್ಲೇ ಇಲ್ಲ, ತೌರಿನಲ್ಲಿದ್ದಾಳೆ. ಇನ್ನೊಂದು ಕವಿತೆಯ ಶಾನುಭೋಗರ ಮಗಳಿಗೆ ತಾಯಿಯಿಲ್ಲ. ಕಿಕ್ಕೇರಿಯಲ್ಲಿ ಹುಟ್ಟಿದ ಕವಿಯ ಲೋಕದಲ್ಲಿ ಪ್ರೀತಿಗಿಂತ ಮೊದಲು ಬರುವುದು ಅಗಲಿಕೆ.

ಬಳೆಗಾರ ಚೆನ್ನಯ್ಯನ ಹಾಡನ್ನೇ ನೋಡಿ. ಊರೂರು ಸುತ್ತಿ ಬಳೆ ತೊಡಿಸುವವನೊಬ್ಬ ಗಂಡನ ಮನೆಯ ಬಾಗಿಲಿಗೆ ಬಂದು, ಅಪ್ಪಣೆ ಕೇಳಿ ಒಳಗೆ ಬರುತ್ತಾನೆ. ಹೆಂಡತಿಯ ತೌರಾದ ನವಿಲೂರಿನ ಸುದ್ದಿ ತಂದಿದ್ದಾನೆ. ಮಾವನ ಮೇಲೆ ಮುನಿಸಿಕೊಂಡ ಅಳಿಯ ಹೆಂಡತಿಯನ್ನು ಕರೆತಂದಿಲ್ಲ. ಅವಳು ದಿನತುಂಬಿದ ಬಸುರಿ. ಅಪ್ಪನ ಮೇಲಿನ ಕೋಪಕ್ಕೆ ಮಗಳು ಏಕೆ ಬೇಯಬೇಕು ಎಂಬುದು ಚೆನ್ನಯ್ಯನ ಪ್ರಶ್ನೆ. ಗಂಡನನ್ನು ದೊರೆಯೆಂದು ಕರೆಯುತ್ತಲೇ ಅವನ ಕಲ್ಲುಮನಸ್ಸನ್ನು ಎತ್ತಿ ಆಡುತ್ತಾನೆ. ವಿನಯದಿಂದ ಹೊರಟ ಮಾತು ಸುದ್ದಿಯಾಗಿ, ಬೇಡಿಕೆಯಾಗಿ, ಕೊನೆಗೆ ಛೀಮಾರಿಯ ಅಂಚಿಗೆ ಬಂದು ನಿಲ್ಲುತ್ತದೆ. ಗಂಡ ಇಡೀ ಹಾಡಿನಲ್ಲಿ ತುಟಿ ಬಿಚ್ಚುವುದಿಲ್ಲ. ಇದು ಸರಸದ ಹಾಡಾಗಿ ನಮ್ಮ ಕಿವಿಗೆ ಬಿದ್ದದ್ದು ಹೇಗೆ?

ಉತ್ತರದ ಒಂದು ಪಾಲು ಈ ಕವಿತೆಯನ್ನು ಹಾಡಾಗಿಸಿದ ಸುಗಮ ಸಂಗೀತದ ಕಟ್ಟಣೆಯಲ್ಲೇ ಇದೆ. ಮೊದಲ ಸಾಲುಗಳು ಪಲ್ಲವಿಯಾಗುತ್ತವೆ, ಉಳಿದ ನುಡಿಗಳಿಗೆ ಹೆಚ್ಚುಕಡಿಮೆ ಒಂದೇ ಧಾಟಿ. ನುಡಿ ಮುಗಿದಾಗಲೆಲ್ಲ ಹಾಡು ಪಲ್ಲವಿಗೆ ಮರಳಬೇಕು. ನಡುವೆ ಕೊಳಲು, ಪಿಟೀಲು, ತಬಲಾ. ಅಂದರೆ ಕವಿತೆಯಲ್ಲಿ ಒಳಮನೆಯವರೆಗೆ ನಡೆದ ಬಳೆಗಾರನನ್ನು ಗಾಯಕರು ಮತ್ತೆ ಮತ್ತೆ ಹೊಸ್ತಿಲಿಗೆ ತಂದು ನಿಲ್ಲಿಸಿ ಅಪ್ಪಣೆ ಕೇಳಿಸುತ್ತಾರೆ. ಅವನ ದನಿ ಏರುವ ಜಾಗವೂ ಸುದ್ದಿ ಹೇಳುವ ಜಾಗವೂ ಕಿವಿಗೆ ಒಂದೇ ಆಗುತ್ತವೆ. ವೇದಿಕೆಯ ಸಮಯಕ್ಕೆಂದು ಒಂದೆರಡು ನುಡಿ ಬಿಟ್ಟರಂತೂ ಮುನಿಸಿನ ಕಾರಣವೇ ಮಾಯ.

ಹಾಗೆಂದು ಈ ಪರಂಪರೆಯ ಋಣ ಸಣ್ಣದಲ್ಲ. ಪಿ. ಕಾಳಿಂಗರಾಯರು ಕವಿತೆಯನ್ನು ಸಭಾಂಗಣಕ್ಕೆ ತಂದರು. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಅದನ್ನು ಮನೆಮನೆಗೆ ಮುಟ್ಟಿಸಿತು. ಟಿ. ಎಸ್. ನಾಗಾಭರಣರು ನರಸಿಂಹಸ್ವಾಮಿಯವರ ಕವಿತೆಗಳಿಂದ ‘ಮೈಸೂರು ಮಲ್ಲಿಗೆ’ ಚಿತ್ರ ಕಟ್ಟಿದಾಗ ಸಿ. ಅಶ್ವಥ್ ರಾಗ ಹಾಕಿದರು; ಗೀತೆಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಶ್ವಥ್ ಅವರ ಏರುಕಂಠಕ್ಕೆ ಶಿಶುನಾಳ ಷರೀಫರು ಒಪ್ಪಿದಷ್ಟು ನರಸಿಂಹಸ್ವಾಮಿ ಒಪ್ಪುವುದಿಲ್ಲ ಎಂಬುದು ನನ್ನ ಅನಿಸಿಕೆ. ಷರೀಫರ ಪದಕ್ಕೆ ಬಯಲು ಬೇಕು. ಈ ಕವಿತೆಗಳಿಗೆ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆಂಬ ಎಚ್ಚರ ಬೇಕು. ಅನಂತಸ್ವಾಮಿಯವರ ದನಿಯಲ್ಲಿ ಆ ಎಚ್ಚರವಿತ್ತು.

ನನ್ನನ್ನು ಹೆಚ್ಚು ಕಾಡುವುದು ಈ ಗಾಯನದ ಬಗ್ಗೆ ವಿಮರ್ಶೆಯ ಮೌನ. ಪಶ್ಚಿಮದಲ್ಲಿ ಡ್ರೀಮ್ ಪಾಪ್ ಎಂಬ ಸಂಗೀತದ ಬಗೆಯಿದೆ. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ತಂಡದ ಎಲಿಜಬೆತ್ ಫ್ರೇಜರ್ ಹಾಡಿದರೆ ಎಷ್ಟೋ ಕಡೆ ಮಾತೇ ತಿಳಿಯದು, ಆದರೂ ಆ ದನಿಯ ವಿಷಾದದ ಬಗ್ಗೆ ಅಲ್ಲಿನವರು ಪುಟಗಟ್ಟಲೆ ಬರೆದರು. ನಮ್ಮಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟ. ಆದರೆ ಸಾಹಿತ್ಯ ವಿಮರ್ಶಕರು ಧಾಟಿಯನ್ನು ತಮ್ಮ ಕೆಲಸವಲ್ಲವೆಂದು ಬಿಟ್ಟರು. ಸಂಗೀತ ಬಲ್ಲವರು ಸುಗಮವೆಂಬ ಹೆಸರು ಕೇಳಿಯೇ ಅದನ್ನು ಹಗುರವಾಗಿ ಕಂಡರು. ಲಕ್ಷಾಂತರ ಜನ ಕವಿತೆಯನ್ನು ಓದದೆ ಕೇಳಿಯೇ ಬಲ್ಲ ನಾಡಿನಲ್ಲಿ ಇದು ದೊಡ್ಡ ಲೋಪ.

ಈ ಗಾಯನವನ್ನು ಅಳೆಯಲು ಬೇಕಾದ ಕೋಲು ಹತ್ತಿರದಲ್ಲೇ ಇತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು ಕಾವ್ಯಕ್ಕೆ ಭವನಿಮಜ್ಜನವೂ ಬೇಕು, ಲಘಿಮಾಕೌಶಲವೂ ಬೇಕು ಎಂದರು: ಬದುಕಿನಲ್ಲಿ ಮುಳುಗಬೇಕು, ಮುಳುಗಿಯೂ ಹಗುರಾಗಿ ಮೇಲೇಳಬೇಕು. ನಮ್ಮ ಗಾಯನಕ್ಕೆ ಎರಡನೆಯದು ಕೈವಶವಾಯಿತು, ಮೊದಲನೆಯದು ಅಪರೂಪವಾಯಿತು. ಸ್ವತಃ ಪುತಿನ ‘ಗೋಕುಲ ನಿರ್ಗಮನ’ದಂಥ ಗೇಯನಾಟಕಗಳಲ್ಲಿ ಅಗಲಿಕೆಯನ್ನು ಸಂಗೀತದಲ್ಲೇ ಬೆಳೆಸಿದರು. ಬಿ. ವಿ. ಕಾರಂತರು ಅದನ್ನು ರಂಗಕ್ಕೆ ತಂದದ್ದರಿಂದ ಈ ದಾರಿ ನಡೆಯಬಹುದಾದದ್ದೇ ಎಂದು ಗೊತ್ತಾಯಿತು.

ಕಿಕ್ಕೇರಿ, ಮೇಲುಕೋಟೆಗಳ ಈ ಸೀಮೆಗೆ ಶೋಕವೂ ಹೊಸದಲ್ಲ, ಹಾಡಿಗೆಂದೇ ಬರೆಯುವುದೂ ಹೊಸದಲ್ಲ. ನಾಗಮಂಗಲದ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನಕ್ಕೆ ‘ದುಃಖಸೇತು’, ‘ಕಾರಿಹೆಗ್ಗಡೆಯ ಮಗಳು’ ಮುಂತಾದ ಸಾವಿನ ಕವಿತೆಗಳನ್ನು ಆರಿಸಿ ತಂದರು. ಅದಕ್ಕೂ ಹಿಂದೆ, ಚಿಕ್ಕದೇವರಾಜರ ಶ್ರೀರಂಗಪಟ್ಟಣದಲ್ಲಿ ಜಯದೇವನ ಜಾಡಿನ ‘ಗೀತಗೋಪಾಲ’ ಹಾಡಿಗಾಗಿಯೇ ಹುಟ್ಟಿತು.

ಆಮೇಲಿನ ಸಂಕಲನ ‘ಶಿಲಾಲತೆ’ ಬಂದಾಗ ವಿಮರ್ಶಕರು ನರಸಿಂಹಸ್ವಾಮಿ ಬೆಳೆದರು ಎಂದರು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲ್ಲಿಗೆಯ ಮುಗ್ಧ ಮಾಗಿದ ಎಂಬ ಆ ಕಥೆಯನ್ನು ನಾನು ಒಪ್ಪಲಾರೆ. ದಿನತುಂಬಿದ ಹೆಣ್ಣಿನ ಸಂಕಟವನ್ನು ಬಳೆ ಮಾರುವವನ ಬಾಯಲ್ಲಿ ಇಟ್ಟು, ಗಂಡನನ್ನು ಉತ್ತರವಿಲ್ಲದೆ ಕೂರಿಸಿದವನು ಆಗಲೇ ಮಾಗಿದ್ದ. ಈಗಲಾದರೂ ಯಾರಾದರೂ ಆ ಹಾಡಿಗೆ ಪಲ್ಲವಿಯಿಲ್ಲದ ಧಾಟಿ ಹಾಕಲಿ, ಎಲ್ಲ ನುಡಿಗಳನ್ನೂ ಹಾಡಲಿ, ಚೆನ್ನಯ್ಯ ಸಿಟ್ಟಾಗುವ ಕಡೆ ತಬಲಾ ನಿಲ್ಲಿಸಲಿ.