ಕಡೀದನ ಒಳಗ ಹೆಂಗ ಹೊಕ್ಕೀ?

ಯುಗಾದಿಯ ಮಧ್ಯಾಹ್ನ, ಹೋಳಿಗೆ ಉಂಡು ರೋಣದ ನಮ್ಮ ಸೋದರತ್ತೆಯ ಪಡಸಾಲೆಯಲ್ಲಿ ಚೌಕಾಬಾರಕ್ಕೆ ಕೂತಿದ್ದೆವು. ಸುಣ್ಣದ ತುಂಡಿನಲ್ಲಿ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನರಗುಂದದಿಂದ ಬಂದ ಹೊಸ ಸೊಸೆ ಹೊರಸುತ್ತು ಮುಗಿಸಿ ತನ್ನ ಕಾಯಿಯನ್ನು ಒಳಸುತ್ತಿಗೆ ಸರಿಸಿದಳು. ಅತ್ತೆ ಅವಳ ಕೈಯನ್ನೇ ಹಿಡಿದರು.

"ಒಂದೂ ಕಾಯಿ ಕಡೀದನ ಒಳಗ ಹೆಂಗ ಹೊಕ್ಕೀ?"

"ನಮ್ಮನ್ಯಾಗ ಹಂಗೇನಿಲ್ರಿ ಅತ್ತಿ. ಸುತ್ತ ಮುಗದ್ರ ಹೋಗಬಹುದು."

ಆಟ ನಿಂತಿತು. ವಾದ ಅರ್ಧ ತಾಸು ನಡೆಯಿತು. ನನಗೆ ಆಟಕ್ಕಿಂತ ಅದೇ ರುಚಿಸಿತು.

ಇಂಥದೇ ವಾದ ಸಮುದ್ರದಾಚೆ ಐವತ್ತು ವರ್ಷದಿಂದ ನಡೆದಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ವೇಷ ಹೊತ್ತು ಮಾತಾಡುತ್ತಾರೆ, ಏನಾಯಿತೆಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಬಯಲಾಟದವರಿಗೆ ದಾಳ ಕೊಟ್ಟು ಕೂರಿಸಿದ ಹಾಗೆ ಅನ್ನಿ. ಆಟದ ನಿಯಮಗಳೆಲ್ಲ ದಪ್ಪ ಪುಸ್ತಕಗಳಲ್ಲಿವೆ. ಕಂಪನಿ ಆಗಾಗ ಪುಸ್ತಕ ತಿದ್ದಿ ಹೊಸ ಆವೃತ್ತಿ ಮಾರುತ್ತದೆ, ಆಡುವವರು ಆಗಾಗ ಸಿಟ್ಟಿಗೇಳುತ್ತಾರೆ. 2008ರ ನಾಲ್ಕನೆಯ ಆವೃತ್ತಿಯಲ್ಲಿ ಕತ್ತಿಯವನಿಗೂ ಮಂತ್ರವಾದಿಗೂ ಒಂದೇ ಅಚ್ಚಿನ ಶಕ್ತಿ ಕೊಟ್ಟಿದ್ದಾರೆಂದು ಹಳಬರು ಮುನಿದರು. ಮರುವರ್ಷ ಬೇರೊಂದು ಕಂಪನಿ ಹಿಂದಿನ ನಿಯಮಗಳನ್ನೇ ಉಜ್ಜಿ 'ಪಾತ್‌ಫೈಂಡರ್' ಎಂದು ತಂದಾಗ ಎಷ್ಟೋ ಮಂದಿ ಅತ್ತ ನಡೆದರು. 2014ರ ಐದನೆಯ ಆವೃತ್ತಿಯನ್ನು ಮಾತ್ರ ಮೊದಲೇ ಆಟಗಾರರ ಕೈಗಿಟ್ಟು, ಆಡಿಸಿ ನೋಡಿ, ಆಮೇಲೆ ಅಚ್ಚು ಹಾಕಿದರು. ಅದು ನೆಲೆನಿಂತಿತು. 2024ರಲ್ಲಿ ಅದನ್ನೂ ತಿದ್ದಿದ್ದಾರೆ, ಗೊಣಗಾಟ ಮತ್ತೆ ಶುರುವಾಗಿದೆ.

ಇದನ್ನು ಓದಿದಾಗೆಲ್ಲ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ. ಆಟ ತಿದ್ದುವ ಹುಚ್ಚು ಅವರಷ್ಟು ಇದ್ದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೊನೆಯ ಭಾಗ 'ಕೌತುಕನಿಧಿ' ಆಟಗಳಿಗೇ ಮೀಸಲು. ದಶಾವತಾರ ಗಂಜೀಫಾ ಎಂಬ ಎಲೆಯಾಟಕ್ಕೆ 120 ಎಲೆ ಸಾಕಾಗಿತ್ತು. ಒಡೆಯರು 'ಚದ' ಎಂಬ ಹೆಸರಿನಲ್ಲಿ ಹೊಸ ಹೊಸ ಕಟ್ಟುಗಳನ್ನು ಕಟ್ಟುತ್ತಾ ಹೋದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಅಷ್ಟು ಎಲೆ ಯಾವ ಕೈಯಲ್ಲಿ ಹಿಡಿಯಬೇಕು? ಚಿತ್ರ ಸುಂದರ, ಕಲ್ಪನೆ ಅಪಾರ, ಆದರೆ ಅರಮನೆಯ ಹೊರಗೆ ಆ ಆಟ ಬೇರೂರಲಿಲ್ಲ. ಮುಂದೆ ಮೈಸೂರಿನ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ಕೈಯಲ್ಲಿ ಅದು ಚಿತ್ರಕಲೆಯಾಗಿ ಉಳಿಯಿತು.

ಅರಸರ ತಿದ್ದುಪಡಿ ಆಟವನ್ನು ಹಿಗ್ಗಿಸಿತು, ಲೂಡೊ ಕುಗ್ಗಿಸಿತು. ಪಚ್ಚೀಸಿ ಎಂಬ ನಮ್ಮ ಕವಡೆಯಾಟವನ್ನೇ ತಿದ್ದಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಆಟ ಅದು. ಕವಡೆ ತೆಗೆದು ಆರು ಮುಖದ ದಾಳ ಇಟ್ಟರು. ಸಣ್ಣ ಬದಲಾವಣೆ ಎನಿಸೀತು. ಅಲ್ಲ. ನಮ್ಮ ಚೌಕಾಬಾರವನ್ನೇ ನೋಡಿ: ನಾಲ್ಕು ಕವಡೆ ಚೆಲ್ಲಿದರೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ. ಒಂದು, ಮೂರು ತಲಾ 4 ಬಗೆಯಲ್ಲಿ. ಚೌಕ, ಅಂದರೆ ನಾಲ್ಕು, ಒಂದೇ ಬಗೆಯಲ್ಲಿ. ನಾಲ್ಕೂ ಬೋರಲು ಬಿದ್ದು ಎಂಟಾಗುವುದೂ ಒಂದೇ ಬಗೆಯಲ್ಲಿ. ಹಾಗಾಗಿ ಎದುರಾಳಿಗಿಂತ ಎರಡು ಮನೆ ಮುಂದೆ ಹೋಗಿ ನಿಂತವನು ಕುತ್ತಿಗೆ ಕೊಟ್ಟ ಹಾಗೆಯೇ. ಈ ಲೆಕ್ಕವನ್ನು ಅತ್ತೆ ಶಾಲೆಯಲ್ಲಿ ಕಲಿತವರಲ್ಲ, ಆದರೆ ಅವರ ಕಾಯಿ ಎಂದೂ ಆ ಮನೆಯಲ್ಲಿ ನಿಲ್ಲುವುದಿಲ್ಲ, ನಿಂತರೆ ಯಾರೂ ಕಡಿಯಲಾಗದ ಕಟ್ಟೆಯಲ್ಲಿ. ಇನ್ನು ಕವಡೆಯಲ್ಲೂ ಒಂದಕ್ಕೊಂದು ಸಮವಿಲ್ಲ. ಅವರ ಮನೆಯ ಸಂಚಿಯಲ್ಲಿ ಬೆನ್ನು ಸವೆದ ಒಂದಿದೆ, ಅದು ಬೇಡವೆಂದರೂ ಅಂಗಾತ ಬೀಳುತ್ತದೆ. ಲೂಡೊದಲ್ಲಿ ಎರಡು ಮನೆ ದೂರವೂ ಒಂದೇ, ಐದು ಮನೆ ದೂರವೂ ಒಂದೇ. ಬುದ್ಧಿಗೆ ರಜೆ. ಫೋನಿನಲ್ಲಂತೂ ದಾಳವೂ ಕೈಗೆ ಸಿಗುವುದಿಲ್ಲ.

ಹಳೆಯದನ್ನು ಮುಟ್ಟಬಾರದೆಂಬ ಪಂಗಡ ನನ್ನದಲ್ಲ. ಚೌಕಾಬಾರವನ್ನು ಪ್ರತಿ ಮನೆಯೂ ತಿದ್ದಿದೆ. ಕವಡೆ ಇಲ್ಲದಲ್ಲಿ ಹುಣಸಿಬೀಜ ಕಲ್ಲಿಗೆ ತಿಕ್ಕಿ ಆಡಿದ್ದೇವೆ. ಮೂರು ಸಲ ಸಾಲಾಗಿ ಚೌಕ ಬಿದ್ದರೆ ಸುಟ್ಟಿತೆನ್ನುವ ಮನೆ ಇವೆ, ಇಲ್ಲವೆನ್ನುವ ಮನೆಯೂ ಇವೆ. ಗಜೇಂದ್ರಗಡದಲ್ಲಿ ಯುಗಾದಿಗೆ ಪಗಡಿ ಹಾಸು ಬಿಚ್ಚುವ ರೂಢಿಯಿದೆ. ಅಲ್ಲಿ ತಕರಾರು ಎದ್ದರೆ ಪುಸ್ತಕ ತೆರೆಯುವವರಿಲ್ಲ, ಸುತ್ತ ನಿಂತವರೇ ಪಂಚರು. ಅಮೆರಿಕದ ಆಟಗಾರರ ಸಿಟ್ಟೂ ನನಗೆ ಅರ್ಥವಾಗುವುದು ಇಲ್ಲೇ. ತಾವೇ ಮೇಜಿನ ಸುತ್ತ ಕೂತು ನೂರು ನಿಯಮ ಮುರಿದವರು ಅವರು. ತಮ್ಮನ್ನು ಕೇಳದೆ ಒಂದು ನಿಯಮ ಅಚ್ಚಾಗಿ ಬಂದದ್ದಕ್ಕೆ ಅವರ ಮುನಿಸು. ನನ್ನ ಮತ ಅವರ ಕಡೆಗೇ. ಆದರೂ ಕಡಿಯದೆ ಒಳಗೆ ಬಿಡುವ ನಿಯಮ ಸಪ್ಪೆ ಎಂಬ ಮಾತನ್ನು ನಾನು ಬಿಡುವವನಲ್ಲ. ಹೊಡೆದಾಟವಿಲ್ಲದ ಚೌಕಾಬಾರ ಬರೀ ಪ್ರದಕ್ಷಿಣೆ.

ಅಂದು ಪಡಸಾಲೆಯಲ್ಲಿ ಅತ್ತೆಯೇ ತೀರ್ಪು ಕೊಟ್ಟರು. "ಈ ಆಟ ನಿನ್ನ ತವರಮನಿದು, ಮುಂದಿನದು ನಂದು." ಸೊಸೆ ನಾಲ್ಕೂ ಕಾಯಿ ಹಣ್ಣು ಮಾಡಿ ಗೆದ್ದಳು. ಮುಂದಿನ ಆಟದಲ್ಲಿ ಅತ್ತೆಗೆ ಎಷ್ಟು ಸುತ್ತಿದರೂ ಕಡಿಯಲು ಒಂದು ಕಾಯಿ ಸಿಗಲಿಲ್ಲ. ಹೊರಸುತ್ತಿನ ಕೊನೆಯಲ್ಲಿ ಕಾಯಿ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಯಾರ ಮುಖವನ್ನೂ ನೋಡದೆ ಮೆಲ್ಲಗೆ ಒಳಗೆ ಸರಿಸಿದರು. ಸೊಸೆ ಕವಡೆ ಆರಿಸಿಕೊಳ್ಳುತ್ತಾ ನಕ್ಕಳು, ಏನೂ ಅನ್ನಲಿಲ್ಲ.