ಕೋಣೆಯೊಳಗಿನ ದೀರ್ಘಪಥ
ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ಧರಿಸಿದವನ ನೋಟವನ್ನು ಅವನ ಅರಿವಿಗೆ ಬಾರದಷ್ಟು ಮೆಲ್ಲನೆ ತಿರುಗಿಸಿ, ನೇರ ನಡೆಯುತ್ತಿರುವೆನೆಂಬ ಭ್ರಮೆಯಲ್ಲಿಯೇ ಅವನ ಕಾಲುಗಳನ್ನು ಬಳಸುಹಾದಿಗೆ ಎಳೆಯುವ, 2001ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಷರೀಫ್ ರಝಾಕ್ ಮತ್ತು ಸಂಗಡಿಗರು ಪ್ರಕಟಿಸಿದ ಉಪಾಯವು ಚತುರವಾದುದೇ ಸರಿ. ಆದರೆ ಆ ವಂಚನೆ ಪೂರ್ಣವಾಗಲು ಸುಮಾರು 22 ಮೀಟರ್ ತ್ರಿಜ್ಯದ ವೃತ್ತವೇ ಬೇಕೆಂದು 2010ರ ಪ್ರಯೋಗಗಳು ಕಂಡುಕೊಂಡವು. ಅಷ್ಟು ದೊಡ್ಡ ಪಡಸಾಲೆ ಯಾರ ಮನೆಯಲ್ಲಿದೆ? ‘ಟೀ ಫಾರ್ ಗಾಡ್’ ಎಂಬ ಆಟವು ನೋಟದ ಬದಲು ವಾಸ್ತುವನ್ನೇ ತಿರುಚುತ್ತದೆ. ಓಣಿಯ ತಿರುವಿನಲ್ಲಿ ನಾವು ಹೊರಳುವಷ್ಟರಲ್ಲಿ ಹಿಂದಿನ ಕೊಠಡಿ ಮರೆಯಾಗಿ, ಅದೇ ನೆಲದ ಮೇಲೆ, ನಮ್ಮ ಕೋಣೆಯ ಅಳತೆಗೆ ಹೊಂದುವಂತೆ ರಚಿತವಾದ ಮತ್ತೊಂದು ಕೊಠಡಿ ಬಾಗಿಲು ತೆರೆದಿರುತ್ತದೆ. ತಿರುವುಗಳು ಅತಿಯಾದುವೆಂದು ಆಕ್ಷೇಪಿಸಬಹುದು. ನನಗಂತೂ ಆ ಜೋಡಣೆಯ ನಾಜೂಕೇ ಪರಮಾನಂದ. ಇಟ್ಟ ಹೆಜ್ಜೆಯೆಲ್ಲ ನಿಜವಾದುದರಿಂದ, ಕಂಟ್ರೋಲರಿನ ಕಡ್ಡಿಯನ್ನೊತ್ತಿ ಜಾರುವಾಗ ಹಲವರನ್ನು ಕಾಡುವ ತಲೆಸುತ್ತು ಇಲ್ಲಿ ಬಹುಮಟ್ಟಿಗೆ ಸುಳಿಯದು.