ಕೊಂಡಿ ಕಡಿದರೆ ಕೈಪಿಡಿ ಎಲ್ಲಿ?

ನೀವು ಸುರಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಗಣಿತ ಶಿಕ್ಷಕರೆಂದು ಭಾವಿಸೋಣ. ಶಾಲೆಯ ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಕ್ಲಾಸಿಕ್ 5 ಇದೆ. ನಿಮಗೆ ದೊರೆತ ಕೈಪಿಡಿಯಾದರೋ ಕ್ಲಾಸಿಕ್ 6ರದು. 5ರಲ್ಲಿ ಮೆನು ಪಟ್ಟಿ ಮೇಲ್ಗಡೆ ಇದ್ದರೆ, 6ರಲ್ಲಿ ಅದು ಬಲಮೂಲೆಯ ಗುಂಡಿಯೊಳಗೆ ಸೇರಿಕೊಂಡಿದೆ. ಕೈಪಿಡಿ ಹೇಳುವುದು ಒಂದು, ಪರದೆ ತೋರುವುದು ಇನ್ನೊಂದು. ಹಳೆಯ ಕೈಪಿಡಿಯ ಕೊಂಡಿ ಒತ್ತಿದರೆ ಬರುವುದು 404, ಅಂದರೆ 'ಪುಟ ಸಿಗಲಿಲ್ಲ'. ತರಗತಿಯ ಅವಧಿ ಅಲ್ಲಿಗೆ ಮುಗಿಯಿತು!

ಇದು ಅಪರೂಪವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡ 38 ಹತ್ತು ವರ್ಷಗಳಲ್ಲಿ ಕಾಣೆಯಾಗಿದ್ದವು. ವಿಕಿರಣಪಟು ಧಾತುವಿನಂತೆ ಇವೂ ಕ್ಷಯಿಸುತ್ತವೆಂದುಕೊಂಡರೆ ಅರ್ಧಾಯು ಸುಮಾರು 14.5 ವರ್ಷ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಪರಮಾಣುವಿನ ಕ್ಷಯವನ್ನು ನಾವು ತಡೆಯಲಾರೆವು; ಕೊಂಡಿ ಸಾಯುವುದು ಯಾರದೋ ತೀರ್ಮಾನದಿಂದ ಇಲ್ಲವೆ ಅಲಕ್ಷ್ಯದಿಂದ.

ಮುಕ್ತ ತಂತ್ರಾಂಶ ರೂಪಿಸುವವರು ಆಕರ ಸಂಕೇತವನ್ನು ಜೋಪಾನ ಮಾಡುವಷ್ಟು ಕೈಪಿಡಿಯನ್ನು ಮಾಡುವುದಿಲ್ಲವೆಂಬುದು ನನ್ನ ಆಕ್ಷೇಪ. ಹಳೆಯ ಕಡತದ ಮೇಲೆ ಅದೇ ಹೆಸರಿನಲ್ಲಿ ಹೊಸದನ್ನು ಏರಿಸುವುದು ಮೊದಲ ದೋಷ. ಕೈಪಿಡಿಯನ್ನು ಪರರ ಜಾಗದಲ್ಲಿ ಮಾತ್ರ ಇಡುವುದು ಎರಡನೆಯದು. 2009ರಲ್ಲಿ ಜಿಯೋಸಿಟೀಸ್, 2016ರಲ್ಲಿ ಗೂಗಲ್ ಕೋಡ್ ಮುಚ್ಚಿದಾಗ ಅಲ್ಲಿನ ವಿಳಾಸಗಳನ್ನು ನಂಬಿದ್ದವರ ಪಾಡೇನಾಯಿತು? ತಾಣ ಬದಲಿಸಿದಾಗ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರದಿರುವುದು ಮೂರನೆಯದು. ಅದಕ್ಕೆಂದೇ ಇರುವ 301 ಎಂಬ ಸೂಚನೆಯನ್ನು ಬಳಸಲು ಹಣವೇನೂ ಬೇಕಿಲ್ಲ.

ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಎಚ್ಚರಿಸಿದ್ದರು: ಬದಲಾಗಬಹುದಾದ ಸಂಗತಿಗಳನ್ನು ವಿಳಾಸದಲ್ಲಿ ಸೇರಿಸಬಾರದು. ನಮ್ಮ ಪಿನ್‌ಕೋಡ್ ಇದಕ್ಕೆ ಒಳ್ಳೆಯ ನಿದರ್ಶನ. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರಗಳು ಗುಲ್ಬರ್ಗದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. 2014ರಲ್ಲಿ ಗುಲ್ಬರ್ಗವೇ ಕಲಬುರಗಿಯಾಯಿತು. ಆದರೂ ಈ ಊರುಗಳ ಪಿನ್‌ಕೋಡ್ ಇಂದಿಗೂ 585ರಿಂದಲೇ ಆರಂಭ. ಸಂಖ್ಯೆಯಲ್ಲಿ ಜಿಲ್ಲೆಯ ಹೆಸರಿಲ್ಲದ್ದರಿಂದ ಅದನ್ನು ಬದಲಿಸುವ ಅಗತ್ಯ ಬೀಳಲಿಲ್ಲ.

ಪೈಥಾನ್ ಭಾಷೆಯ ಕೈಪಿಡಿ ತಾಣ ಅನುಕರಣೀಯ. ಅಲ್ಲಿ 3 ಎಂದು ಕೊನೆಗೊಳ್ಳುವ ವಿಳಾಸ ಇತ್ತೀಚಿನ ಆವೃತ್ತಿಗೆ ಒಯ್ದರೆ, 3.8 ಎಂಬುದು ಆ ಆವೃತ್ತಿಗೇ ಒಯ್ಯುತ್ತದೆ. ಎರಡೂ ಬೇಕು. ನಮ್ಮ ಶಿಕ್ಷಕರು ಬಳಸುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ವಿಕಿ ಮಾದರಿಯದು. ಪ್ರತಿ ತಿದ್ದುಪಡಿಗೂ ಪ್ರತ್ಯೇಕ ಕೊಂಡಿ ಇರುವುದು ಇದರ ದೊಡ್ಡ ಗುಣ. ಆದರೆ ವಿಕಿಯಲ್ಲಿ ಹಳೆಯ ಪುಟ ತೆರೆದರೂ ಚಿತ್ರಗಳು ಮಾತ್ರ ಹೊಸವೇ ಬರುತ್ತವೆ. ಪರದೆಯ ಚಿತ್ರಗಳನ್ನೇ ನೆಚ್ಚಿರುವ ಕೈಪಿಡಿಗೆ ಇದು ಸಣ್ಣ ಕೊರತೆಯಲ್ಲ. ಆದ್ದರಿಂದ ಪ್ರತಿ ಬಿಡುಗಡೆಗೂ ಒಂದು ಪಿಡಿಎಫ್ ಪ್ರತಿ ಇರಬೇಕು. ಜೊತೆಗೆ ಅದರ ಎಸ್‌ಎಚ್‌ಎ-256 ಮೊತ್ತವನ್ನೂ ಕೊಡಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಈ 64 ಅಂಕೆಗಳ ಗುರುತು ಬೇರೆಯಾಗುತ್ತದೆ.

ನೀವೂ ಸುಮ್ಮನಿರಬೇಕಿಲ್ಲ. ಟಿಪ್ಪಣಿಯಲ್ಲಿ ಕೊಂಡಿ ಕೊಡುವಾಗ ಆವೃತ್ತಿ, ದಿನಾಂಕ ಬರೆಯಿರಿ. ಪರವಾನಗಿ ಒಪ್ಪುವುದಾದರೆ ಶಾಲೆಯಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ. ಕೊಂಡಿ ಕಡಿದಿದ್ದರೆ ತಯಾರಕರಿಗೆ ಬರೆದು ತಿಳಿಸಿ. ಬೇಕಾದಾಗ ಕೈಗೆ ಸಿಗದ ಕೈಪಿಡಿ ಮುಕ್ತವಾಗಿದ್ದು ಯಾರಿಗೆ ಪ್ರಯೋಜನ?